ಸರಿಯುವ ಕಿಟಕಿಗೂ ಬಸಿಗಾಲುವೆ ಬೇಕು

ನಮ್ಮ ಹಿರಿಯರ ಮನೆಗಳನ್ನು ನೆನಪು ಮಾಡಿಕೊಳ್ಳೋಣ. ಕಲ್ಲು ಮಣ್ಣಿನ ದಪ್ಪ ಗೋಡೆ. ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಗೋಡೆಗೆ ಒಂದೋ ಎರಡೋ ಸಣ್ಣ ಕಿಟಕಿ. ಅದಕ್ಕೆ ಕಟ್ಟಿಗೆಯ ಕದ, ಕಬ್ಬಿಣದ ಸರಳು. ಕದ ಕಿರ್ ಎಂದರೆ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಆಯಿತು.

ಈಗ ಮನೆ ಬದಲಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಯೂ ಆರ್‌ಸಿಸಿ ಮನೆಗಳು ಎದ್ದಿವೆ. ಸಾಲ ಮಾಡಿ, ಕಬ್ಬಿನ ಬಿಲ್ಲು ಕೂಡಿಟ್ಟು, ಮಗ್ಗದ ಮಜೂರಿ ಉಳಿಸಿ ಕಟ್ಟಿಸಿದ ಮನೆಗಳಿವು. ಅವಕ್ಕೆ ಗಾಜಿನ ಸರಿಯುವ ಕಿಟಕಿ ಕೂಡಿಸುತ್ತೇವೆ. ಇದನ್ನು ಜನ ‘ಸ್ಲೈಡಿಂಗ್ ಕಿಡಕಿ’ ಅನ್ನುತ್ತಾರೆ. ಇದು ಕೋಣೆಯ ಜಾಗ ನುಂಗುವುದಿಲ್ಲ. ಗಾಳಿಗೆ ಬಡಿದುಕೊಳ್ಳುವುದಿಲ್ಲ. ಬೆಳಕು ಚೆನ್ನಾಗಿ ಬರುತ್ತದೆ.

ಆದರೆ ಎರಡು ಮೂರು ವರ್ಷ ಕಳೆದ ಮೇಲೆ ಏನಾಗುತ್ತದೆ? ಕಿಟಕಿ ಸರಿಯುವುದಿಲ್ಲ. ಬಲ ಹಾಕಿ ಜಗ್ಗಬೇಕು. ಮಳೆ ಬಂದರೆ ಕಿಟಕಿ ಮುಚ್ಚಿದ್ದರೂ ಒಳಗೆ ನೀರು. ಗೋಡೆಗೆ ಹಸಿ. ಬಣ್ಣ ಉಬ್ಬಿ ಉದುರುತ್ತದೆ. ‘ಕಿಡಕಿನ ಖೊಟ್ಟಿ’ ಎಂದು ಬೈಯುತ್ತೇವೆ. ಬಹಳ ಸಲ ಕಿಟಕಿ ಕೆಟ್ಟಿರುವುದಿಲ್ಲ. ಕೆಳಗಿನ ಹಳಿಯಲ್ಲಿ ಕಸ ತುಂಬಿರುತ್ತದೆ, ಅಷ್ಟೆ.

ಆ ಹಳಿಯನ್ನು ಸ್ವಚ್ಛ ಇಡುವುದು ಹೇಗೆ? ಈ ಪಾಠದಲ್ಲಿ ನಾವು ತಿಳಿಯೋಣ.

ಕಿಟಕಿಯ ಭಾಗಗಳು

ನಿಮ್ಮ ಮನೆಯ ಕಿಟಕಿಯ ಮುಂದೆ ನಿಂತುಕೊಳ್ಳಿರಿ. ಒಂದೊಂದನ್ನೇ ಮುಟ್ಟಿ ನೋಡಿರಿ.

ಚೌಕಟ್ಟು: ಗೋಡೆಗೆ ಕೂಡಿಸಿದ ಭಾಗ. ಇದು ಅಲ್ಯೂಮಿನಿಯಂ ಇರಬಹುದು. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಕೂಡ ಇರಬಹುದು.

ಪಲ್ಲೆ: ಗಾಜು ಹಾಕಿದ, ಆ ಕಡೆ ಈ ಕಡೆ ಸರಿಯುವ ಕದ.

ಹಳಿ: ಚೌಕಟ್ಟಿನ ಕೆಳಗಿನ ಉದ್ದನೆಯ ಏಣು ಮತ್ತು ಅದರ ಪಕ್ಕದ ಸಣ್ಣ ಗಟಾರು. ಇದಕ್ಕೆ ಕೆಲಸಗಾರರು ‘ಟ್ರ್ಯಾಕ್’ ಅನ್ನುತ್ತಾರೆ. ರೈಲು ಹಳಿಯ ಮೇಲೆ ಓಡುವ ಹಾಗೆ ಪಲ್ಲೆ ಇದರ ಮೇಲೆ ಓಡುತ್ತದೆ. ಎರಡು ಗಾಜಿನ ಪಲ್ಲೆ ಇದ್ದರೆ ಎರಡು ಹಳಿ. ಸೊಳ್ಳೆ ಜಾಳಿಗೆ ಬೇರೆ ಪಲ್ಲೆ ಇದ್ದರೆ ಮೂರು ಹಳಿ.

ಗಾಲಿ: ಪಲ್ಲೆಯ ಕೆಳಗೆ ಅಡಗಿರುವ ಸಣ್ಣ ಚಕ್ರ. ಸಾಮಾನ್ಯವಾಗಿ ಒಂದು ಪಲ್ಲೆಗೆ ಎರಡು ಗಾಲಿ ಇರುತ್ತವೆ.

ಕೂದಲ ಪಟ್ಟಿ: ಪಲ್ಲೆಯ ಅಂಚಿಗೆ ಉಣ್ಣೆಯ ಹಾಗೆ ಕಾಣುವ ಸಣ್ಣ ಪಟ್ಟಿ. ಇದು ಧೂಳು, ಗಾಳಿ ತಡೆಯುತ್ತದೆ. ಇದನ್ನು ಕಸ ಎಂದು ತಿಳಿದು ಕಿತ್ತು ಹಾಕಬಾರದು.

ನೀರಿನ ತೂತು: ಹಳಿಯ ಹೊರಬದಿಗೆ ಕೊರೆದ ಸಣ್ಣ ಸೀಳು. ಮನೆಯ ಹೊರಗೆ ನಿಂತು ಚೌಕಟ್ಟಿನ ಕೆಳಭಾಗ ನೋಡಿದರೆ ಕಾಣುತ್ತದೆ. ಬೆರಳೂ ಹೋಗದಷ್ಟು ಸಣ್ಣದು. ಆದರೆ ಇಡೀ ಕಿಟಕಿಯಲ್ಲಿ ಮುಖ್ಯವಾದದ್ದು ಇದೇ. ಯಾಕೆ ಎಂದು ಮುಂದೆ ನೋಡೋಣ.

ಕಸ ಎಲ್ಲಿಂದ ಬರುತ್ತದೆ?

ಎಲ್ಲ ಊರಿನ ಕಸ ಒಂದೇ ತರಹ ಇರುವುದಿಲ್ಲ. ಕಸ ಯಾವುದು ಎಂದು ತಿಳಿದರೆ ತೆಗೆಯುವುದು ಸುಲಭ.

ನಮ್ಮ ಭಾಗದಲ್ಲಿ ಎರೆ ಮಣ್ಣು ಬಹಳ. ಬೇಸಿಗೆಯಲ್ಲಿ ಅದು ಸಣ್ಣ ಹಿಟ್ಟಾಗಿ ಹಾರುತ್ತದೆ. ಎಲ್ಲ ಸಂದಿಯಲ್ಲೂ ಹೊಗುತ್ತದೆ. ಎರೆ ಮಣ್ಣಿನ ಗುಣ ರೈತರಿಗೆ ಹೇಳಬೇಕಾಗಿಲ್ಲ. ಹಸಿ ಆದರೆ ಉಬ್ಬುತ್ತದೆ, ಅಂಟುತ್ತದೆ. ಒಣಗಿದರೆ ಕಲ್ಲಾಗುತ್ತದೆ. ಹೊಲದಲ್ಲಿ ಚಕ್ಕಡಿಯ ಗಾಲಿ ಹಿಡಿಯುವ ಮಣ್ಣೇ ಮನೆಯಲ್ಲಿ ಕಿಟಕಿಯ ಗಾಲಿ ಹಿಡಿಯುತ್ತದೆ.

ಜಮಖಂಡಿ, ಮುಧೋಳ ಕಬ್ಬಿನ ನಾಡು. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುತ್ತಾರೆ. ಕರಿ ಬೂದಿ ಗಾಳಿಯಲ್ಲಿ ತೇಲಿ ಬರುತ್ತದೆ. ಕಿಟಕಿಯ ಹಳಿಯಲ್ಲಿ ಕೂಡುತ್ತದೆ. ಮುಟ್ಟಿದರೆ ಕೈ ಕಪ್ಪು.

ರಬಕವಿ-ಬನಹಟ್ಟಿ ನೇಕಾರರ ಊರು. ಎಷ್ಟೋ ಮನೆಗಳಲ್ಲಿ ಮಗ್ಗ ಮನೆಯ ಒಳಗೇ ಇದೆ. ನೂಲಿನಿಂದ ಏಳುವ ತುಪ್ಪಳು ಗಾಳಿಯಲ್ಲಿ ಹಾರಾಡುತ್ತದೆ. ಅದು ಹಳಿಯಲ್ಲಿ ಕೂತು ಹಾಸಿಗೆಯಂತೆ ಆಗುತ್ತದೆ. ಗಾಲಿಯ ಅಚ್ಚಿಗೆ ಎಳೆ ಸುತ್ತಿಕೊಳ್ಳುತ್ತದೆ. ನೇಕಾರರಿಗೆ ಇದು ಗೊತ್ತಿರುವ ಮಾತು. ಲಾಳಿ ಓಡುವ ಹಾದಿಯಲ್ಲಿ ಎಳೆ ಸಿಕ್ಕಿದರೆ ಮಗ್ಗ ನಿಲ್ಲುತ್ತದೆ. ಹಳಿಯ ಮಾತೂ ಅದೇ.

ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರು ಇದೆ. ನೀರಿನ ದಂಡೆಯ ಊರುಗಳಲ್ಲಿ ದೀಪ ಹಚ್ಚಿದ ಕೂಡಲೇ ಹುಳು ಬರುತ್ತವೆ. ಸತ್ತ ಹುಳು, ರೆಕ್ಕೆ, ಜೇಡರ ಬಲೆ ಎಲ್ಲ ಹಳಿಯಲ್ಲಿ ಬೀಳುತ್ತವೆ. ಹಸಿಯ ಜೊತೆ ಸೇರಿ ಕೊಳೆಯುತ್ತವೆ.

ಮುಧೋಳ ತಾಲೂಕಿನ ಲೋಕಾಪುರದ ಕಡೆ ಸುಣ್ಣದ ಕಲ್ಲು ಸಿಗುತ್ತದೆ. ಅಂಥ ಕಡೆ ರಸ್ತೆಯ ಧೂಳಿನಲ್ಲಿ ಕಲ್ಲಿನ ಬಿಳಿ ಪುಡಿಯೂ ಇರುತ್ತದೆ. ಇದು ಗಾಲಿಯನ್ನು ಸಾಣೆ ಹಿಡಿದಂತೆ ಸವೆಸುತ್ತದೆ.

ಒಂದು ಮನೆಯ ಮಾತುಕತೆ

ಸೊಸೆ: ಅತ್ತಿ, ಈ ಕಿಡಕಿ ಸರಿವಲ್ದರಿ. ಒಲಿ ಹೊಗಿ ಎಲ್ಲಾ ಒಳಗ ಐತಿ.

ಅತ್ತೆ: ಜೋರ ಜಗ್ಗಬ್ಯಾಡ ತಂಗಿ, ಗಾಜ ಒಡದೀತು. ಒಂದೀಟ ಕೊಬ್ಬರಿ ಎಣ್ಣಿ ಬಿಡು.

ಸೊಸೆ: ಹ್ವಾದ ತಿಂಗಳ ಬಿಟ್ಟಿದ್ದೆನ್ರಿ. ಎರಡ ದಿನ ಚೊಲೋ ಓಡಿತು. ಈಗ ಮೊದಲಿಗಿಂತ ಬಿಗಿ ಆಗೇತ್ರಿ.

ಮಗ: ಅವ್ವಾ, ಎಣ್ಣಿಗೆ ಧೂಳ ಅಂಟತೈತಿ. ಎಣ್ಣಿ, ಧೂಳ ಕೂಡಿ ರಾಡಿ ಆಗೇತಿ.

ಅತ್ತೆ: ಹಂಗಾರ ಒಂದ ಬಕೀಟ ನೀರ ಹೊಡದ ಬಿಡೂಣಲ್ಲ!

ಮಗ: ಅದೂ ಬ್ಯಾಡವಾ. ಎರಿ ಮಣ್ಣಿಗೆ ನೀರ ಹಾಕಿದರ ಏನ ಆಗತೈತಿ, ನಿನಗ ಗೊತ್ತಿಲ್ಲೇನು?

ಅತ್ತೆ: ಖರೇ ಐತಿ ನೋಡಪಾ. ಮೊದಲ ಒಣಾ ಕಸಾ ತಗೀಬೇಕು. ಆಮ್ಯಾಲ ನೀರು.

ಸೊಸೆ: ಹಂಗಂದ್ರ ಇವತ್ತ ಐತವಾರ. ನೀವ ಕಡ್ಡಿ ಹಿಡೀರಿ, ನಾ ಅರಿವಿ ತರತೀನಿ.

ಈ ಮನೆಯವರು ಎರಡು ಮಾತು ಕಂಡುಕೊಂಡರು. ಒಂದು: ಹಳಿಗೆ ಅಡುಗೆ ಎಣ್ಣೆ, ತಲೆ ಎಣ್ಣೆ ಬಿಡಬಾರದು. ಎರಡು: ಮೊದಲು ಒಣ ಕೆಲಸ, ಆಮೇಲೆ ಹಸಿ ಕೆಲಸ. ಮೂರನೆಯ ಮಾತೂ ಇದೆ. ಇದು ಸೊಸೆಯೊಬ್ಬಳ ಕೆಲಸ ಅಲ್ಲ. ಮನೆ ಎಲ್ಲರದು. ಕಿಟಕಿಯೂ ಎಲ್ಲರದು.

ನೀರಿನ ದಾರಿ

ಈಗ ನೀರಿನ ತೂತಿನ ವಿಷಯಕ್ಕೆ ಬರೋಣ.

ಮಳೆಗಾಲದಲ್ಲಿ ನಮ್ಮಲ್ಲಿ ಪಡುವಣ ಗಾಳಿ ಜೋರು. ಮಳೆಯ ಹನಿ ಗಾಜಿಗೆ ಬಡಿಯುತ್ತದೆ. ಗಾಜಿನ ಮೇಲಿಂದ ಇಳಿದು ಹಳಿಗೆ ಬರುತ್ತದೆ. ಸರಿಯುವ ಕಿಟಕಿಯ ಹಳಿಗೆ ನೀರು ಬರುವುದು ತಪ್ಪಲ್ಲ. ಅದು ಬಂದೇ ಬರುತ್ತದೆ. ಹಾಗೆ ಬಂದ ನೀರು ಹೊರಗೆ ಹೋಗಲಿ ಎಂದೇ ತೂತು ಕೊರೆದಿರುತ್ತಾರೆ.

ತೂತು ಮುಚ್ಚಿದರೆ ನೀರು ಎಲ್ಲಿ ಹೋಗಬೇಕು? ಹಳಿ ತುಂಬುತ್ತದೆ. ತುಂಬಿದ ಮೇಲೆ ಒಳಬದಿಗೆ ಉಕ್ಕುತ್ತದೆ. ಕಟ್ಟೆಯ ಮೇಲೆ, ಗೋಡೆಯ ಮೇಲೆ, ಹಾಸಿಗೆಯ ಮೇಲೆ ನೀರು. ಗೋಡೆಯಲ್ಲಿ ವಿದ್ಯುತ್ ತಂತಿ, ಪ್ಲಗ್ಗು ಇದ್ದರೆ ಅಪಾಯವೂ ಉಂಟು.

ನಮ್ಮ ರೈತರು ಇದನ್ನು ಹೊಲದಲ್ಲಿ ಕಂಡಿದ್ದಾರೆ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಮುಧೋಳ, ಜಮಖಂಡಿ ಕಡೆಯ ಹೊಲಗಳಿಗೆ ಬಂತು. ಕಬ್ಬು ಬೆಳೆಯಿತು. ಆದರೆ ನೀರು ಹಾಯಿಸುವುದನ್ನು ಕಲಿತಷ್ಟು ನೀರು ಬಸಿಯುವುದನ್ನು ಎಲ್ಲರೂ ಕಲಿಯಲಿಲ್ಲ. ಬಸಿಗಾಲುವೆ ಇಲ್ಲದ ಹೊಲ ಸವಳು-ಜವಳು ಆಯಿತು. ಮೇಲೆ ಬಿಳಿ ಉಪ್ಪು ಕಂಡಿತು. ಬೆಳೆ ಹೋಯಿತು.

ಕಿಟಕಿಯ ತೂತು ಅಂದರೆ ಕಿಟಕಿಯ ಬಸಿಗಾಲುವೆ. ನೀರು ಬರುವ ದಾರಿ ಇದ್ದ ಕಡೆ ನೀರು ಹೋಗುವ ದಾರಿಯೂ ಇರಬೇಕು. ಹೊಲವಾದರೂ ಅಷ್ಟೇ. ಮನೆಯಾದರೂ ಅಷ್ಟೇ.

ಪರೀಕ್ಷೆ ಮಾಡಿ ನೋಡಿರಿ

ಮಳೆ ಇಲ್ಲದ ದಿನ, ಒಣ ಕಸ ತೆಗೆದ ಮೇಲೆ, ಹೊರಗಿನ ಹಳಿಗೆ ಒಂದು ಗ್ಲಾಸು ನೀರು ನಿಧಾನ ಸುರಿಯಿರಿ. ಮನೆಯವರೊಬ್ಬರು ಹೊರಗೆ ನಿಂತು ನೋಡಲಿ.

ನೀರು ಹೊರಗೆ ಹರಿದರೆ ದಾರಿ ಚೆನ್ನಾಗಿದೆ.

ನೀರು ಅಲ್ಲೇ ನಿಂತರೆ ತೂತು ಕಟ್ಟಿದೆ. ಸ್ವಚ್ಛ ಮಾಡಬೇಕು.

ನೀರು ಒಳಗೆ ಬಂದರೆ ಸುರಿಯುವುದನ್ನು ನಿಲ್ಲಿಸಿರಿ. ಚೌಕಟ್ಟಿನ ಮೂಲೆ ಬಿಟ್ಟಿರಬಹುದು. ಕಿಟಕಿ ಕೂಡಿಸಿದ ಕೆಲಸಗಾರರನ್ನು ಕರೆಯಿರಿ.

ಕೆಲವು ಮನೆಗಳಲ್ಲಿ ತೂತೇ ಕಾಣುವುದಿಲ್ಲ. ಕೊರೆಯುವುದನ್ನು ಮರೆತಿರಬಹುದು. ಇಲ್ಲವೆ ಗೋಡೆಗೆ ಗಿಲಾವು ಮಾಡುವಾಗ ಸಿಮೆಂಟು ಮೆತ್ತಿರಬಹುದು. ಹೊಸ ಮನೆ ಕಟ್ಟಿಸುವವರು ಕೆಲಸದ ಹಣ ಪೂರ್ತಿ ಕೊಡುವ ಮೊದಲೇ ಈ ಪರೀಕ್ಷೆ ಮಾಡಬೇಕು. ಕೇಳುವುದು ನಮ್ಮ ಹಕ್ಕು.

ಸ್ವಚ್ಛ ಮಾಡುವ ಕ್ರಮ

ಬೇಕಾಗುವ ಸಾಮಾನು: ಹಲ್ಲು ತಿಕ್ಕುವ ಹಳೆಯ ಬ್ರಶ್ಶು, ಬಣ್ಣ ಹಚ್ಚುವ ಒಂದಿಂಚಿನ ಬ್ರಶ್ಶು, ಕಸಬರಿಗೆಯ ಎರಡು ಕಡ್ಡಿ, ಹಳೆಯ ಹತ್ತಿ ಅರಿವೆ, ಒಂದು ಬಕೀಟು ನೀರು, ಒಂದು ಚಮಚ ಸಬಕಾರದ ಪುಡಿ. ಎಲ್ಲವೂ ಮನೆಯಲ್ಲೇ ಇರುವ ವಸ್ತು.

1. ಮೂಗು, ಬಾಯಿಗೆ ಅರಿವೆ ಕಟ್ಟಿಕೊಳ್ಳಿರಿ. ಮಗ್ಗದ ಮನೆಯವರು ಇದನ್ನು ಮರೆಯಬಾರದು. ನೂಲಿನ ಧೂಳು ಎದೆಗೆ ಒಳ್ಳೆಯದಲ್ಲ. ಬಾಯಿಂದ ಉಫ್ ಎಂದು ಊದಬೇಡಿರಿ. ಕಸ ಕಣ್ಣಿಗೆ ಬರುತ್ತದೆ.

2. ಎರಡೂ ಪಲ್ಲೆಗಳನ್ನು ಒಂದು ಬದಿಗೆ ಸರಿಸಿರಿ. ಅರ್ಧ ಹಳಿ ತೆರೆಯುತ್ತದೆ. ಆ ಅರ್ಧ ಮುಗಿದ ಮೇಲೆ ಇನ್ನೊಂದು ಬದಿಗೆ ಸರಿಸಿರಿ. ಹೀಗೆ ಮಾಡಿದರೆ ಪಲ್ಲೆ ಬಿಚ್ಚುವ ಕೆಲಸ ಇಲ್ಲ.

3. ಒಣ ಬ್ರಶ್ಶಿನಿಂದ ಕಸವನ್ನು ನಿಧಾನ ಒಂದು ಕಡೆ ಕೂಡಿಸಿರಿ. ನೂಲಿನ ತುಪ್ಪಳು ಉಂಡೆಯಾಗಿ ಬರುತ್ತದೆ. ಕೈಯಿಂದ ಎತ್ತಿರಿ. ಧೂಳನ್ನು ರಟ್ಟಿನ ತುಂಡಿನ ಮೇಲೆ ಎಳೆದುಕೊಳ್ಳಿರಿ. ಒಣ ಕಸ ಪೂರ್ತಿ ಹೋಗುವವರೆಗೆ ನೀರು ಮುಟ್ಟಬೇಡಿರಿ.

4. ಮೂಲೆಯಲ್ಲಿ ಗಟ್ಟಿಯಾದ ಮಣ್ಣನ್ನು ಕಡ್ಡಿಯಿಂದ ಸಡಿಲ ಮಾಡಿರಿ. ಬರದಿದ್ದರೆ ಹಸಿ ಅರಿವೆಯನ್ನು ಅದರ ಮೇಲೆ ಹತ್ತು ನಿಮಿಷ ಇಡಿರಿ. ಮಣ್ಣು ಮೆತ್ತಗಾಗುತ್ತದೆ. ಚಾಕು, ಬ್ಲೇಡು, ಮೊಳೆಯಿಂದ ಕೆರೆಯಬೇಡಿರಿ. ಹಳಿಗೆ ಗೀರು ಬೀಳುತ್ತದೆ. ಕೈಗೂ ಪೆಟ್ಟು.

5. ನೀರಿನ ತೂತಿನಲ್ಲಿ ಕಸಬರಿಗೆಯ ಕಡ್ಡಿ ಹಾಕಿ ಮೆಲ್ಲಗೆ ತಿರುಗಿಸಿರಿ. ಕಸವನ್ನು ಒಳಗೆ ದೂಡದೆ ಹೊರಗೆ ಎಳೆಯಿರಿ.

6. ಬಕೀಟಿನ ನೀರಿಗೆ ಸಬಕಾರದ ಪುಡಿ ಕಲಸಿರಿ. ಹಲ್ಲಿನ ಬ್ರಶ್ಶನ್ನು ಅದ್ದಿ ಹಳಿಯನ್ನು ತಿಕ್ಕಿರಿ. ರವದಿಯ ಮಸಿ, ಹಳೆಯ ಎಣ್ಣೆಯ ಜಿಡ್ಡು ಬಿಡುತ್ತದೆ.

7. ಸ್ವಚ್ಛ ನೀರಿನಲ್ಲಿ ಅರಿವೆ ಹಿಂಡಿ ಎರಡು ಸಲ ಒರಸಿರಿ. ಸಬಕಾರ ಉಳಿಯಬಾರದು.

8. ಒಣ ಅರಿವೆಯಿಂದ ಒರಸಿರಿ. ಒಂದು ಗಂಟೆ ಕಿಟಕಿ ತೆರೆದಿಟ್ಟು ಒಣಗಿಸಿರಿ.

9. ಪೂರ್ತಿ ಒಣಗಿದ ಮೇಲೆ ಹಳಿಯ ಏಣಿನ ಮೇಲೆ ಮೇಣಬತ್ತಿಯ ತುಂಡನ್ನು ಒಂದು ಸಲ ಎಳೆಯಿರಿ. ಮೇಣ ತೆಳ್ಳಗೆ ಹತ್ತಿದರೆ ಸಾಕು. ಎಣ್ಣೆಯ ಹಾಗೆ ಇದು ಧೂಳು ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಲಿಕಾನ್ ಸ್ಪ್ರೇ ಸಿಗುತ್ತದೆ. ಅದನ್ನೂ ಬಳಸಬಹುದು. ಆದರೆ ಒಲೆ, ದೀಪದ ಹತ್ತಿರ ಅದನ್ನು ಹೊಡೆಯಬಾರದು.

ಒಂದು ಕಿಟಕಿಗೆ ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು. ಮುಂದಿನ ಸಲ ಹತ್ತು ನಿಮಿಷ ಸಾಕು.

ಯಾವುದನ್ನು ಹಚ್ಚಬಾರದು?

ಅಲ್ಯೂಮಿನಿಯಂ ಹಗುರ ಲೋಹ. ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಒಂದು ಕಾಲಕ್ಕೆ ಇದು ಬಹಳ ತುಟ್ಟಿ ಲೋಹವಾಗಿತ್ತು. 1886ರಲ್ಲಿ ಅಮೆರಿಕದಲ್ಲಿ ಹಾಲ್, ಫ್ರಾನ್ಸಿನಲ್ಲಿ ಎರೂ ಎಂಬ ಇಬ್ಬರು ತರುಣರು ವಿದ್ಯುತ್ತಿನಿಂದ ಇದನ್ನು ತೆಗೆಯುವ ದಾರಿ ಕಂಡುಹಿಡಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ಬೆಲೆ ಇಳಿಯಿತು. ಬಡವರ ಮನೆಗೂ ಅಲ್ಯೂಮಿನಿಯಂ ಪಾತ್ರೆ ಬಂತು. ಈಗ ಕಿಟಕಿಯೂ ಬಂದಿದೆ. ನಮ್ಮ ಪಕ್ಕದ ಬೆಳಗಾವಿಯಲ್ಲೇ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ಎಂಬ ಬಿಳಿ ಪುಡಿ ತೆಗೆಯುವ ಕಾರ್ಖಾನೆ ಇದೆ. ಆ ಪುಡಿಯಿಂದ ಅಲ್ಯೂಮಿನಿಯಂ ಆಗುತ್ತದೆ.

ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಪದರ ಇರುತ್ತದೆ. ಅದೇ ಅದಕ್ಕೆ ಕವಚ. ಹುಳಿ ಮತ್ತು ಖಾರದ ಸೌಳು ಎರಡೂ ಆ ಕವಚವನ್ನು ತಿನ್ನುತ್ತವೆ. ಅಲ್ಯೂಮಿನಿಯಂ ಬೋಗುಣಿಯಲ್ಲಿ ಹುಣಸೆ ಹುಳಿಯ ಸಾರು ರಾತ್ರಿಯೆಲ್ಲ ಇಟ್ಟರೆ ಏನಾಗುತ್ತದೆ? ಬೋಗುಣಿಯ ಒಳಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹಳಿಗೂ ಹಾಗೇ ಆಗುತ್ತದೆ. ಆದ್ದರಿಂದ:

ಪಾತ್ರೆ ಬೆಳಗುವ ಬೂದಿಯಿಂದ ಹಳಿ ತಿಕ್ಕಬೇಡಿರಿ. ಹಸಿ ಬೂದಿ ಸೌಳು. ಗೀರೂ ಬೀಳುತ್ತದೆ. ರವದಿಯ ಬೂದಿ ಬಿದ್ದರೆ ಅದು ಹಸಿ ಆಗುವ ಮೊದಲೇ ಒಣ ಬ್ರಶ್ಶಿನಿಂದ ತೆಗೆಯಿರಿ.

ಮಹಾನವಮಿ, ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುತ್ತೇವೆ. ಸುಣ್ಣದ ಹನಿ ಹಳಿಯ ಮೇಲೆ ಬಿದ್ದರೆ ಬಿಳಿ ಕಲೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸುಣ್ಣ ಹಚ್ಚುವ ಮೊದಲು ಹಳಿಯ ಮೇಲೆ ಹಳೆಯ ಪತ್ರಿಕೆ ಹಾಸಿರಿ. ಹನಿ ಬಿದ್ದರೆ ಕೂಡಲೇ ಹಸಿ ಅರಿವೆಯಿಂದ ಒರಸಿರಿ. ಸಿಮೆಂಟಿಗೂ ಇದೇ ಮಾತು.

ತೊಳೆಯುವ ಸೋಡಾ ಹಾಕಬೇಡಿರಿ. ಪಾಯಖಾನೆ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ.

ಚಿಮಣಿ ಎಣ್ಣೆ, ಪೆಟ್ರೋಲು, ಬಣ್ಣದ ಥಿನ್ನರ್ ಹಚ್ಚಬೇಡಿರಿ. ಗಾಜಿನ ಸುತ್ತಲಿನ ರಬ್ಬರು ಕೆಡುತ್ತದೆ. ಥಿನ್ನರಿನಿಂದ ಯುಪಿವಿಸಿ ಕೂಡ ಹಾಳಾಗುತ್ತದೆ. ಬೆಂಕಿಯ ಭಯ ಬೇರೆ.

ಇಲ್ಲಿ ಒಂದು ಜೀವದ ಮಾತು ಇದೆ. ಗಮನ ಇಟ್ಟು ಓದಿರಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಎಂದೂ ಕೂಡಿಸಬಾರದು. ಕೂಡಿಸಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಜೀವಕ್ಕೇ ಅಪಾಯ.

ಬಾಟಲಿಯ ಮೇಲಿನ ಚೀಟಿಯನ್ನು ಈಗ ನಾವು ಓದಬಲ್ಲೆವು. ಓದದೆ ಯಾವ ಬಾಟಲಿಯನ್ನೂ ತೆರೆಯಬಾರದು. ‘ಅಪಾಯ’, ‘ವಿಷ’, ‘ಮಕ್ಕಳಿಂದ ದೂರ ಇಡಿ’: ಈ ಮಾತುಗಳನ್ನು ಹುಡುಕಿರಿ. ಚೀಟಿ ಬೇರೆ ಭಾಷೆಯಲ್ಲಿ ಮಾತ್ರ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಇನ್ನೂ ಒಂದು ಮಾತು: ಆಸಿಡನ್ನು ನೀರಿನ ಬಾಟಲಿಗೆ ಸುರಿದು ಇಡಬೇಡಿರಿ. ಬಾಯಾರಿದವರು ನೀರೆಂದು ಕುಡಿದಾರು.

ಬಲ ಬೇಡ, ಎಚ್ಚರ ಬೇಕು

ಹಳಿ ಸ್ವಚ್ಛ ಆದ ಮೇಲೂ ಪಲ್ಲೆ ಬಿಗಿಯಾಗಿದ್ದರೆ ಗಾಲಿ ಸವೆದಿದೆ ಅಥವಾ ಎಳೆ ಸುತ್ತಿದೆ ಎಂದು ತಿಳಿಯಿರಿ. ಇಂಥ ಪಲ್ಲೆಯನ್ನು ಜಗ್ಗಿ ಜಗ್ಗಿ ಓಡಿಸಿದರೆ ಗಾಲಿಯ ಜೊತೆ ಹಳಿಯೂ ಸವೆಯುತ್ತದೆ. ಗಾಲಿ ಸಣ್ಣ ಖರ್ಚು. ಹಳಿ ಹೋದರೆ ಚೌಕಟ್ಟೇ ಬದಲಾಯಿಸಬೇಕು.

ಗಾಲಿ ನೋಡಲು ಪಲ್ಲೆಯನ್ನು ಮೇಲೆತ್ತಿ ಹೊರತೆಗೆಯಬೇಕು. ಒಬ್ಬರೇ ಈ ಕೆಲಸ ಮಾಡಬಾರದು. ಯಾಕೆ? ತೂಕ ನೋಡಿರಿ. ಒಂದು ಚದರ ಮೀಟರ್ ಗಾಜು ಒಂದು ಮಿಲಿಮೀಟರ್ ದಪ್ಪ ಇದ್ದರೆ ಎರಡೂವರೆ ಕಿಲೋ ತೂಗುತ್ತದೆ. 4 ಮಿಲಿಮೀಟರ್ ದಪ್ಪ ಇದ್ದರೆ 10 ಕಿಲೋ. 2 ಅಡಿ ಅಗಲ, 4 ಅಡಿ ಎತ್ತರದ ಪಲ್ಲೆಯಲ್ಲಿ ಬರೀ ಗಾಜೇ 7 ಕಿಲೋ ಮೀರುತ್ತದೆ. ಚೌಕಟ್ಟಿನ ತೂಕ ಬೇರೆ. ಕೈ ಜಾರಿದರೆ ಕಾಲಿನ ಮೇಲೆ ಬೀಳುತ್ತದೆ. ಮೇಲಿನ ಮಹಡಿಯಾದರೆ ಕೆಳಗೆ ಓಣಿಯಲ್ಲಿ ಹೋಗುವವರ ತಲೆಯ ಮೇಲೆ.

ನೆಲಮಹಡಿಯಲ್ಲಿ ಇಬ್ಬರು ಕೂಡಿ, ಕಾಲಿಗೆ ಚಪ್ಪಲಿ ಹಾಕಿ, ಮಕ್ಕಳನ್ನು ದೂರ ಇಟ್ಟು ತೆಗೆಯಬಹುದು. ತೆಗೆದ ಪಲ್ಲೆಯನ್ನು ಗೋಣಿಚೀಲದ ಮೇಲೆ ನಿಲ್ಲಿಸಿರಿ. ಗಾಲಿಗೆ ಸುತ್ತಿದ ಎಳೆಯನ್ನು ಕತ್ತರಿಯ ತುದಿಯಿಂದ ಕತ್ತರಿಸಿ ತೆಗೆಯಿರಿ. ಗಾಲಿ ಒಡೆದಿದ್ದರೆ ಅದನ್ನೇ ಅಂಗಡಿಗೆ ಒಯ್ದು ತೋರಿಸಿರಿ. ಅದೇ ಅಳತೆಯದು ತನ್ನಿರಿ. ಮೇಲಿನ ಮಹಡಿಯ ಪಲ್ಲೆ ತೆಗೆಯುವ ಕೆಲಸ ಕೆಲಸಗಾರರಿಗೇ ಬಿಡಿರಿ. ಹೊರಗಿನ ಹಳಿ ತೊಳೆಯಲು ಕಿಟಕಿಯ ಕಟ್ಟೆ ಏರಿ ನಿಲ್ಲಬಾರದು. ಮೈ ಹೊರಗೆ ಚಾಚಬಾರದು.

ಕೆಲಸ ಮುಗಿದ ಮೇಲೆ ಪಲ್ಲೆ ಹಳಿಯ ಮೇಲೆ ಸರಿಯಾಗಿ ಕೂತಿದೆಯೇ ನೋಡಿರಿ. ಎರಡು ಬೆರಳಿನಿಂದ ದೂಡಿದರೆ ಸರಿಯಬೇಕು. ಚಿಲಕ ಹಾಕಿ ನೋಡಿರಿ. ಕಸ ತುಂಬಿದ ಹಳಿಯಲ್ಲಿ ಪಲ್ಲೆ ಪೂರ್ತಿ ಮುಚ್ಚುವುದಿಲ್ಲ, ಚಿಲಕವೂ ಬೀಳುವುದಿಲ್ಲ. ಕಳ್ಳರಿಗೆ ಅದು ಬಾಗಿಲು.

ಜಾಳಿಗೆಯ ಪಲ್ಲೆ

ಸೊಳ್ಳೆ ಜಾಳಿಗೆಯ ಹಳಿಯನ್ನು ನಾವು ಮರೆಯುತ್ತೇವೆ. ಜಾಳಿಗೆ ಒಂದು ಬೆರಳಷ್ಟು ತೆರೆದಿದ್ದರೂ ಸೊಳ್ಳೆಗೆ ಸಾಕು. ಡೆಂಗಿ ಹರಡುವ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ. ಸಂಜೆ ಮಾತ್ರ ಜಾಳಿಗೆ ಮುಚ್ಚಿದರೆ ಪ್ರಯೋಜನ ಇಲ್ಲ. ಆ ಸೊಳ್ಳೆ ಸ್ವಲ್ಪ ನಿಂತ ನೀರಿನಲ್ಲೂ ಮೊಟ್ಟೆ ಇಡುತ್ತದೆ. ಸುಮಾರು ಎಂಟು ಹತ್ತು ದಿನದಲ್ಲಿ ಹೊಸ ಸೊಳ್ಳೆ ಏಳುತ್ತದೆ. ಹಳಿಯಲ್ಲಾಗಲಿ, ಹೂವಿನ ಕುಂಡದಲ್ಲಾಗಲಿ, ಹಳೆಯ ಟೈರಿನಲ್ಲಾಗಲಿ ನೀರು ವಾರಗಟ್ಟಲೆ ನಿಲ್ಲಬಾರದು.

ಯಾವಾಗ ಮಾಡಬೇಕು?

ಹದಿನೈದು ದಿನಕ್ಕೊಮ್ಮೆ ಒಣ ಬ್ರಶ್ಶು ಆಡಿಸಿರಿ. ಮಗ್ಗದ ಮನೆಯವರು ವಾರಕ್ಕೊಮ್ಮೆ. ವರ್ಷದಲ್ಲಿ ಮೂರು ಸಲ ಪೂರ್ತಿ ತೊಳೆಯಿರಿ.

ಮಿರಗದ ಮಳೆಗೆ ಮೊದಲು. ಅಂದರೆ ಮೇ ತಿಂಗಳ ಕೊನೆಗೆ. ಬೇಸಿಗೆಯ ಧೂಳು ಹೋಗಬೇಕು, ನೀರಿನ ದಾರಿ ತೆರೆಯಬೇಕು. ಮೂರರಲ್ಲಿ ಮುಖ್ಯವಾದದ್ದು ಇದೇ. ಪಡುವಣ ದಿಕ್ಕಿನ ಕಿಟಕಿ ಮೊದಲು.

ಮಹಾನವಮಿಗೆ. ಹೇಗೂ ಮನೆಯೆಲ್ಲ ಸಾರಿಸುತ್ತೇವೆ, ತೊಳೆಯುತ್ತೇವೆ. ಸುಣ್ಣದ ಕೆಲಸ ಮುಗಿದ ಮೇಲೆ ಹಳಿ ತೊಳೆಯಿರಿ.

ಕಬ್ಬಿನ ಹಂಗಾಮು ಮುಗಿದ ಮೇಲೆ, ಯುಗಾದಿಯ ಹೊತ್ತಿಗೆ. ಮಸಿ, ಬೂದಿ ಹೋಗಲಿ.

ನೆರೆ ಬಂದರೆ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ನೀರು ಇಳಿದ ಮೇಲೆ ಮನೆಯಲ್ಲಿ ಉಳಿಯುವುದು ಮಣ್ಣಿನ ರಾಡಿ. ಹಳಿಯ ರಾಡಿ ಹಸಿ ಇರುವಾಗಲೇ ತೆಗೆಯಬೇಕು. ಇದೊಂದೇ ಕಡೆ ಮೊದಲು ನೀರು. ಒಣಗಲು ಬಿಟ್ಟರೆ ಕಲ್ಲಾಗುತ್ತದೆ. ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಿರಿ. ನೆರೆಯ ನೀರಿನಲ್ಲಿ ಗಟಾರಿನ ಹೊಲಸು ಸೇರಿರುತ್ತದೆ. ವಿದ್ಯುತ್ತಿನ ಮೇನ್ ಸ್ವಿಚ್ ಬಂದ್ ಇದೆ ಎಂದು ಖಾತ್ರಿ ಮಾಡಿಕೊಂಡೇ ಹಸಿ ಗೋಡೆ ಮುಟ್ಟಿರಿ.

ನೆನಪಿಡಿ

ಮೊದಲು ಒಣ ಕೆಲಸ, ಆಮೇಲೆ ಹಸಿ ಕೆಲಸ.
ಎಣ್ಣೆ ಬೇಡ, ಮೇಣ ಸಾಕು.
ನೀರಿನ ತೂತು ಎಂದೂ ಮುಚ್ಚಬಾರದು.
ಚೀಟಿ ಓದದೆ ಬಾಟಲಿ ತೆರೆಯಬಾರದು.
ಪಲ್ಲೆ ಎತ್ತುವಾಗ ಇಬ್ಬರು ಬೇಕು.

ಹೊಸ ಪದಗಳು. ಓದಿರಿ, ಬರೆಯಿರಿ

ಚೌಕಟ್ಟು, ಪಲ್ಲೆ, ಹಳಿ, ಗಾಲಿ, ತುಪ್ಪಳು, ಬಸಿಗಾಲುವೆ, ಜಾಳಿಗೆ, ಅಲ್ಯೂಮಿನಿಯಂ, ಕ್ಲೋರಿನ್

ಉತ್ತರ ಹೇಳಿರಿ

1. ಹಳಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಮುಂದೆ ಏನಾಗುತ್ತದೆ?
2. ಎರೆ ಮಣ್ಣಿನ ಧೂಳಿಗೆ ಮೊದಲೇ ನೀರು ಯಾಕೆ ಹಾಕಬಾರದು?
3. ಕಿಟಕಿಯ ತೂತಿಗೂ ಹೊಲದ ಬಸಿಗಾಲುವೆಗೂ ಏನು ಹೋಲಿಕೆ?
4. ಯಾವ ಎರಡು ವಸ್ತುಗಳನ್ನು ಎಂದೂ ಕೂಡಿಸಬಾರದು?

ಬಿಟ್ಟ ಸ್ಥಳ ತುಂಬಿರಿ

1. ಪಲ್ಲೆ ______ ಮೇಲೆ ಓಡುತ್ತದೆ.
2. ಮಿರಗದ ಮಳೆಗೆ ಮೊದಲು ನೀರಿನ ______ ತೆರೆಯಬೇಕು.
3. ಡೆಂಗಿ ಹರಡುವ ಸೊಳ್ಳೆ ______ ಹೊತ್ತು ಕಚ್ಚುತ್ತದೆ.

ಲೆಕ್ಕ ಮಾಡಿರಿ

ಒಂದು ಮನೆಗೆ 4 ಕಿಟಕಿ. ಪ್ರತಿ ಕಿಟಕಿಗೆ 2 ಪಲ್ಲೆ. ಪ್ರತಿ ಪಲ್ಲೆಗೆ 2 ಗಾಲಿ. ಒಟ್ಟು ಗಾಲಿ ಎಷ್ಟು? ಒಂದು ಗಾಲಿಗೆ 50 ರೂಪಾಯಿ ಎಂದು ಹಿಡಿಯೋಣ. ಎಲ್ಲ ಗಾಲಿ ಬದಲಾಯಿಸಿದರೆ ಖರ್ಚು ಎಷ್ಟು? ಒಂದು ಹಲ್ಲಿನ ಬ್ರಶ್ಶಿಗೆ 20 ರೂಪಾಯಿ ಆದರೆ ಉಳಿತಾಯ ಎಷ್ಟು?

ಮನೆಯಲ್ಲಿ ಮಾಡಿ ನೋಡಿರಿ

ಈ ವಾರ ಒಂದು ಕಿಟಕಿಗೆ ಒಂದು ಗ್ಲಾಸು ನೀರಿನ ಪರೀಕ್ಷೆ ಮಾಡಿರಿ. ನೀರು ಹೊರಗೆ ಹೋಯಿತೇ, ನಿಂತಿತೇ, ಒಳಗೆ ಬಂತೇ? ಮೂರು ಸಾಲಿನಲ್ಲಿ ಬರೆದು ತನ್ನಿರಿ. ನಿಮ್ಮ ಹಳಿಯಲ್ಲಿ ಸಿಕ್ಕ ಕಸ ಯಾವುದು ಎಂದೂ ಬರೆಯಿರಿ. ಮುಂದಿನ ಪಾಠದ ದಿನ ಎಲ್ಲರೂ ಕೂಡಿ ಓದೋಣ.